ಗುಳೆಯ ಎರಡು ತುದಿ

ಕಡಲೆಕಾಯಿ ಕೈಕೊಟ್ಟ ವರ್ಷ ಆಂಧ್ರದ ಗಡಿಯ ಹಿಂದೂಪುರ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಹೆಚ್ಚು ಕಾಣುತ್ತದೆ. ಗೋಣಿಚೀಲದಲ್ಲಿ ಪಾತ್ರೆಪಗಡ, ಬಕೆಟ್ಟಿನಲ್ಲಿ ರಾಗಿ ಹಿಟ್ಟು, ಹಗ್ಗ ಬಿಗಿದು ಸುತ್ತಿದ ನೀಲಿ ತಾಡಪಾಲು. ಬೆಂಗಳೂರಿಗೆ ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಕಲ್ಯಾಣದುರ್ಗದ ಕಡೆಯವರಾದರೆ ಬಸ್ಸು ಹತ್ತಿ ಪಾವಗಡದ ಮೇಲೆ ಹೋಗುತ್ತಾರೆ. ಮೇಸ್ತ್ರಿ ತೋರಿಸಿದ ಖಾಲಿ ಸೈಟಿನಲ್ಲಿ ನಾಲ್ಕು ಗಳ ನೆಟ್ಟು ಆ ತಾಡಪಾಲು ಹೊದಿಸಿದರೆ, ಕೆಲಸ ಇರುವಷ್ಟು ದಿನ ಅದೇ ಮನೆ.

ಊರಿನ ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಹೀಗೆ ಹೊರಟ ಕುಟುಂಬಕ್ಕೆ ಮನೆ ನಂಬರು ಇದೆ. ಹಾಗಾಗಿ ಆಂಧ್ರದ ಲೆಕ್ಕದಲ್ಲಿ ಅವರು ಸೂರಿಲ್ಲದವರಲ್ಲ. ಬೆಂಗಳೂರಿನ ಲೆಕ್ಕದಲ್ಲಿ ಅವರು ಒತ್ತುವರಿ ಮಾಡಿದವರು, ಇಲ್ಲವೇ ಲೆಕ್ಕಕ್ಕೇ ಸಿಗದವರು.

ಬಯಲಲ್ಲಿ ಮಲಗುವವರ ಸಮಸ್ಯೆಯನ್ನು ಮಹಾನಗರದ ಸಮಸ್ಯೆಯೆಂದೇ ನೋಡುವ ರೂಢಿ ನಮ್ಮಲ್ಲಿದೆ. ಮೇಲ್ಸೇತುವೆ ಕೆಳಗಿನ ಸಂಸಾರ, ಮೆಜೆಸ್ಟಿಕ್‌ನ ಫುಟ್‌ಪಾತು, ಮಾರುಕಟ್ಟೆಯ ಮೆಟ್ಟಿಲು, ಪತ್ರಿಕೆಗಳಲ್ಲಿ ಬರುವ ಚಿತ್ರಗಳೆಲ್ಲ ಅಲ್ಲಿಯವೇ. ಆದರೆ ಆ ಸಂಸಾರ ಹೊರಟುಬಂದ ಊರು ಒಂದಿದೆ, ಮಳೆ ಬಿದ್ದರೆ ವಾಪಸಾಗುವ ಊರೂ ಅದೇ. ಹಿಂದೂಪುರ, ಕಲ್ಯಾಣದುರ್ಗದಂಥ ಗಡಿಪಟ್ಟಣಗಳಲ್ಲಿ ಕೆಲಸ ಶುರುವಾಗದೆ ಬೆಂಗಳೂರಿನ ಶೆಡ್ಡುಗಳಿಗೆ ಪರಿಹಾರ ಸಿಗದು. ಈ ಪಟ್ಟಣಗಳಿಗೆ ಒಂದು ದೊಡ್ಡ ಅನುಕೂಲವೂ ಇದೆ: ಅವು ಚಿಕ್ಕವು. ಇಲ್ಲಿ ರಾತ್ರಿ ಬಯಲಲ್ಲಿ ಮಲಗುವ ಒಬ್ಬೊಬ್ಬರನ್ನೂ ಹೆಸರು ಹಿಡಿದು ತಿಳಿದುಕೊಳ್ಳಬಹುದು.

ಎರಡೂ ಪಟ್ಟಣಗಳಲ್ಲಿ ತೆಲುಗಿನ ಜೊತೆಗೆ ಕನ್ನಡ ಬಳಕೆಯಲ್ಲಿದೆ. ಹಿಂದೂಪುರದ ಮಗ್ಗುಲಲ್ಲಿ ಗೌರಿಬಿದನೂರು, ಮಧುಗಿರಿ; ಕಲ್ಯಾಣದುರ್ಗದಿಂದ ಈಚೆಗೆ ಬಂದರೆ ಪಾವಗಡ, ಚಳ್ಳಕೆರೆ. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ, ರೇಷ್ಮೆಗೂಡಿನ ವಹಿವಾಟು ಹಿಂದೂಪುರಕ್ಕೆ ಹೆಸರು ತಂದಿದೆ. 2011ರ ಜನಗಣತಿಯ ಪ್ರಕಾರ ಪಟ್ಟಣದ ಜನಸಂಖ್ಯೆ 1,51,677. ಕಲ್ಯಾಣದುರ್ಗ ಅದಕ್ಕಿಂತ ಬಹಳ ಚಿಕ್ಕದು. ಆದರೆ ಕಂದಾಯ ವಿಭಾಗದ ಕೇಂದ್ರ, ಸುತ್ತಲಿನ ಬೆದ್ದಲು ಹಳ್ಳಿಗಳಿಗೆ ಕಚೇರಿ, ಆಸ್ಪತ್ರೆ, ಅಂಗಡಿ ಬೀದಿ ಎಲ್ಲವೂ ಅದೇ. 2022ರ ಏಪ್ರಿಲ್ 4ರಂದು ಹಳೆಯ ಅನಂತಪುರ ಜಿಲ್ಲೆ ಎರಡಾದಾಗ ಹಿಂದೂಪುರವು ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಒಂದೇ ಬರದ ಸೀಮೆಗೆ ಈಗ ಇಬ್ಬರು ಕಲೆಕ್ಟರುಗಳು.

ಬರದ ಸೀಮೆ ಎಂಬುದು ಬರಿಯ ಮಾತಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ, ಅದೂ ಹೊತ್ತಿಗೆ ಬಂದರೆ. ಲಕ್ಷಾಂತರ ಎಕರೆಯಲ್ಲಿ ಕಡಲೆಕಾಯಿ ಒಂದನ್ನೇ ನಂಬಿದ ಬೇಸಾಯ. ಬಿತ್ತನೆಗೆ ಸಾಲ, ಕೊಳವೆಬಾವಿಗೆ ಸಾಲ, ಬಾವಿ ಬತ್ತಿದರೆ ಇನ್ನೊಂದು ಬಾವಿಗೆ ಮತ್ತೆ ಸಾಲ. ಉದ್ಯೋಗ ಖಾತ್ರಿ ಯೋಜನೆಯನ್ನು 2006ರ ಫೆಬ್ರುವರಿ 2ರಂದು ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಉದ್ಘಾಟಿಸಿದ್ದು ಸುಮ್ಮನೆ ಅಲ್ಲ. ಗುಳೆ ತಡೆಯಬೇಕಾದ ಜಾಗ ಯಾವುದೆಂಬುದು ದೆಹಲಿಗೂ ಗೊತ್ತಿತ್ತು.

ಇದಕ್ಕೆ ಹಳೆಯ ಚರಿತ್ರೆಯೂ ಇದೆ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ಮಹಾಕ್ಷಾಮ ಬಂದಾಗ ಈ ಸೀಮೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು; ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಹಸಿದು ರಸ್ತೆಗೆ ಬಿದ್ದ ಜನಕ್ಕೆ ಸರ್ಕಾರ ಪರಿಹಾರ ಕಾಮಗಾರಿಗಳನ್ನು ತೆರೆಯಿತು. ಆದರೆ ಖರ್ಚು ತಗ್ಗಿಸಲು ಬಂದ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆಗೆ ಇಳಿಸಿದರು. ಮನೆಯಿಂದ ಹತ್ತು ಮೈಲಿಯಾಚೆ ಹೋಗಲು ಸಿದ್ಧರಿದ್ದವರಿಗೆ ಮಾತ್ರ ಕೆಲಸ ಎಂಬ ನಿಯಮವೂ ಇತ್ತು. ನಿಜವಾಗಿ ಕಷ್ಟದಲ್ಲಿರುವವನು ಎಷ್ಟು ದೂರವಾದರೂ ಬರುತ್ತಾನೆ ಎಂಬುದು ಆಗಿನ ತರ್ಕ. ನಡೆಯಲಾರದವರು ದಾರಿಯಲ್ಲೇ ಉಳಿದರು. ಇಂದಿಗೂ ಊರಾಚೆಯ ಕಟ್ಟಡವೊಂದನ್ನು ಆಶ್ರಯಧಾಮವೆಂದು ಗುರುತಿಸಿ, ಯಾರೂ ಬರುತ್ತಿಲ್ಲ ಎಂದು ವರದಿ ಬರೆಯುವಾಗ ಅದೇ ತರ್ಕ ಮುಂದುವರಿಯುತ್ತದೆ.

2011ರ ಫೆಬ್ರುವರಿ 28ರ ರಾತ್ರಿ ದೇಶದಾದ್ಯಂತ ಜನಗಣತಿಯವರು ಮನೆಯಿಲ್ಲದವರನ್ನು ಎಣಿಸಿದರು. ರಸ್ತೆ ಬದಿ, ಫುಟ್‌ಪಾತು, ಹ್ಯೂಮ್ ಪೈಪು, ಮೇಲ್ಸೇತುವೆ ಕೆಳಗು, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರ್ಮು, ಇಲ್ಲೆಲ್ಲ ಮಲಗಿದ್ದವರು ಆ ಲೆಕ್ಕಕ್ಕೆ ಬಂದರು. ಸಿಕ್ಕ ಸಂಖ್ಯೆ 17.73 ಲಕ್ಷ. ಅವರಲ್ಲಿ 9.38 ಲಕ್ಷ ಜನ ಪಟ್ಟಣ, ನಗರಗಳಲ್ಲಿ, 8.35 ಲಕ್ಷ ಜನ ಹಳ್ಳಿಗಳಲ್ಲಿ. ಒಂದೇ ರಾತ್ರಿಯಲ್ಲಿ ಮಾಡಿದ ಎಣಿಕೆ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಪೊಲೀಸರ ಭಯಕ್ಕೆ ಜಾಗ ಬದಲಿಸುವವರು, ಅಂಗಡಿ ಮುಚ್ಚಿದ ಮೇಲೆ ಜಗಲಿಗೆ ಬರುವವರು, ಗೋಡೌನಿನ ಒಳಗೆ ಮಲಗುವ ಹಮಾಲರು ಎಣಿಸುವವರ ಕಣ್ಣಿಗೆ ಬೀಳುವುದು ಕಷ್ಟ. ಮುಂದಿನ ಜನಗಣತಿಯ ಜನಸಂಖ್ಯಾ ಎಣಿಕೆ 2027ರ ಫೆಬ್ರುವರಿಯಲ್ಲಿ ನಡೆಯಲಿದೆ. 2011ರ ಸಂಖ್ಯೆಯನ್ನೇ ಹಿಡಿದು ಇಂದಿನ ಯೋಜನೆಗಳು ನಡೆದಿವೆ.

ಹಿಂದೂಪುರದಂಥ ಪಟ್ಟಣದಲ್ಲಿ ಬಯಲಲ್ಲಿ ಮಲಗುವವರು ಯಾರು? ಅವರೆಲ್ಲ ಒಂದೇ ಬಗೆಯವರಲ್ಲ, ಮತ್ತು ಎಲ್ಲ ಯೋಜನೆಗಳೂ ಎಡವುವುದು ಇಲ್ಲೇ.

ಮೊದಲಿಗೆ ದಾರಿಯಲ್ಲಿರುವವರು. ಬೆಂಗಳೂರಿಗೆ ಹೊರಟು ರಾತ್ರಿ ತಂಗಿದ ಕೂಲಿಗಳು, ಮಾರುಕಟ್ಟೆಗೆ ಸರಕು ತಂದವರು. ಇವರಿಗೆ ಬೇಕಾದದ್ದು ಒಂದು ರಾತ್ರಿಯ ಚಾಪೆ, ನೀರು, ಮೂಟೆಗೆ ಬೀಗ. ಹಿಂದೆ ಛತ್ರಗಳು ಮಾಡುತ್ತಿದ್ದದ್ದು ಇದನ್ನೇ. ಇನ್ನು ಗುಡಾರ ಹಾಕಿಕೊಂಡು ಊರಿಂದೂರಿಗೆ ತಿರುಗುವ ಅಲೆಮಾರಿಗಳು: ಬುಡಗ ಜಂಗಮರು, ದೊಂಬರು, ಗಂಗಿರೆದ್ದು ಅಂದರೆ ಕೋಲೆಬಸವ ಆಡಿಸುವವರು. ಇವರಿಗೆ ಆಶ್ರಯಧಾಮದ ಹಾಸಿಗೆ ಕೊಟ್ಟರೆ ಉಪಯೋಗವಿಲ್ಲ. ಸಂಸಾರ, ಪ್ರಾಣಿ, ಕಸುಬಿನ ಸಾಮಾನು ಎಲ್ಲ ಜೊತೆಗೇ ಇರುತ್ತವೆ. ನಿಶ್ಚಿತ ಜಾಗ, ಅಲ್ಲೊಂದು ನಲ್ಲಿ, ಕೈಗೆ ಜಾತಿ ಪ್ರಮಾಣಪತ್ರ, ಮಕ್ಕಳಿಗೆ ಶಾಲೆಯ ದಾಖಲಾತಿ ಸಿಕ್ಕರೆ ಅವರ ಕಥೆಯೇ ಬದಲಾಗುತ್ತದೆ. ಬಾಲಕೃಷ್ಣ ರೇಣಕೆ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 2008ರಲ್ಲಿ ಕೊಟ್ಟ ವರದಿ, ಅಲೆಮಾರಿ ಸಮುದಾಯಗಳ ನೆಲೆಯಿಲ್ಲದ ಸ್ಥಿತಿಯನ್ನೂ ದಾಖಲೆಗಳಿಲ್ಲದ ಪಾಡನ್ನೂ ದೇಶದ ಮುಂದೆ ಇಟ್ಟಿತ್ತು.

ಮೂರನೆಯವರು ಮುದುಕರು. ಗುಳೆ ಹೋಗುವ ಸೀಮೆಯಲ್ಲಿ ದುಡಿಯಬಲ್ಲವರು ಹೊರಟುಬಿಡುತ್ತಾರೆ, ಮನೆ ಕಾಯಲು ವಯಸ್ಸಾದವರು ಉಳಿಯುತ್ತಾರೆ. ಮಗ ಹಣ ಕಳಿಸುವುದು ನಿಂತರೆ, ಮಣ್ಣಿನ ಮಾಳಿಗೆ ಕುಸಿದರೆ, ಅವ್ವ ಬಸ್‌ಸ್ಟ್ಯಾಂಡಿಗೆ ಬರುತ್ತಾಳೆ. ನಾಲ್ಕನೆಯವರು ಮಾನಸಿಕ ಕಾಯಿಲೆಯಿಂದ ಊರು, ಹೆಸರು ಮರೆತು ರೈಲು ಇಳಿದವರು. ರೈಲು ಮಾರ್ಗದ ಎಲ್ಲ ಪಟ್ಟಣಗಳಿಗೂ ಇಂಥವರು ಬರುತ್ತಾರೆ. ಒಡಿಶಾದವರೋ ಬಿಹಾರದವರೋ ಯಾರಿಗೂ ತಿಳಿಯದು, ಅವರ ಮಾತು ಯಾರಿಗೂ ಬಾರದು.

ಕಾನೂನು ಏನು ಹೇಳುತ್ತದೆ? ದೆಹಲಿಯ ಪೂಸಾ ರಸ್ತೆ ವೃತ್ತದಲ್ಲಿದ್ದ ತಾತ್ಕಾಲಿಕ ರಾತ್ರಿ ವಸತಿಯನ್ನು ನಗರಪಾಲಿಕೆ 2009ರ ಡಿಸೆಂಬರ್‌ನ ಚಳಿಯಲ್ಲಿ ಕೆಡವಿತು. ಅದರ ಬೆನ್ನಿಗೇ ಜನ ಸತ್ತ ಸುದ್ದಿ ಬಂತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಕಮಿಷನರುಗಳು 2010ರ ಜನವರಿಯಲ್ಲಿ ಇದನ್ನು ನ್ಯಾಯಾಲಯದ ಗಮನಕ್ಕೆ ತಂದರು. ಮುಂದೆ ಆಶ್ರಯಧಾಮ ತೆರೆಯಲು ಎಲ್ಲ ರಾಜ್ಯಗಳಿಗೂ ಆದೇಶವಾಯಿತು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಆ ಆದೇಶಕ್ಕೆ ನಿಯಮದ ರೂಪ ಕೊಟ್ಟಿತು: ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವಷ್ಟು ಕಾಯಂ ಆಶ್ರಯಧಾಮ, ವರ್ಷದ ಅಷ್ಟೂ ದಿನ ತೆರೆದಿರಬೇಕು, ಒಬ್ಬೊಬ್ಬರಿಗೆ 50 ಚದರಡಿ ಜಾಗ, ಹೆಂಗಸರಿಗೆ, ಕುಟುಂಬಗಳಿಗೆ, ವೃದ್ಧರಿಗೆ, ಮಾನಸಿಕ ಅಸ್ವಸ್ಥರಿಗೆ ಬೇರೆ ಬೇರೆ ವ್ಯವಸ್ಥೆ.

ಈ ಲೆಕ್ಕ ಹಿಡಿದರೆ ಹಿಂದೂಪುರಕ್ಕೆ 150 ಜನರ ಜಾಗ ಬೇಕು, ಸುಮಾರು 7,500 ಚದರಡಿ. ದೊಡ್ಡ ಕಲ್ಯಾಣಮಂಟಪವೊಂದರ ವಿಸ್ತೀರ್ಣ ಅಷ್ಟಾಗುತ್ತದೆ. ಕಲ್ಯಾಣದುರ್ಗದ ಜನಸಂಖ್ಯೆ ಲಕ್ಷವನ್ನು ಮುಟ್ಟುವುದೇ ಇಲ್ಲ. ನಿಯಮ ಅಲ್ಲಿ ಯಾರನ್ನೂ ಗಟ್ಟಿಯಾಗಿ ಕೇಳಲಿಲ್ಲ. ಚಿಕ್ಕ ಪಟ್ಟಣಗಳು ಹೀಗೆಯೇ ನಕ್ಷೆಯಿಂದ ಜಾರುತ್ತವೆ. ಬೆಂಗಳೂರಿಗೆ ಇದೇ ಅಳತೆ ಹಿಡಿದರೆ 2011ರ 84 ಲಕ್ಷ ಜನಸಂಖ್ಯೆಗೇ 8,400 ಜನರ ಜಾಗ ಬೇಕಾಗುತ್ತಿತ್ತು. ನಗರ ಆ ಅಳತೆಯ ಹತ್ತಿರಕ್ಕೂ ಹೋಗಲಿಲ್ಲ.

ಹಣ ಇರಲಿಲ್ಲವೆಂದಲ್ಲ. ಕೇಂದ್ರದಿಂದ ಬಂದ ಹಣವನ್ನೂ ರಾಜ್ಯಗಳು ಸರಿಯಾಗಿ ಬಳಸುತ್ತಿಲ್ಲವೆಂದು ಇ.ಆರ್. ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇಸರ ವ್ಯಕ್ತಪಡಿಸಿ, 2016ರ ನವೆಂಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿ ನೇಮಿಸಿತು. ಜೀವನೋಪಾಯ ಮಿಷನ್‌ನ ಅವಧಿ 2024ರ ಸೆಪ್ಟೆಂಬರ್‌ಗೆ ಮುಗಿಯಿತು. ನಗರ ಬಡತನಕ್ಕೆ ಹೊಸ ಮಿಷನ್ ಸಿದ್ಧವಾಗುತ್ತಿದೆ, ಸೂರಿಲ್ಲದವರ ವಿಷಯ ಅದರಲ್ಲಿರುತ್ತದೆ ಎಂದು 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನ್ಯಾಯಾಲಯಕ್ಕೆ ತಿಳಿಸಿತು. ಒಂದು ಯೋಜನೆ ಮುಗಿದು ಇನ್ನೊಂದು ಬರುವ ನಡುವಿನ ತಿಂಗಳುಗಳಲ್ಲಿ ಆಶ್ರಯಧಾಮದ ಕರೆಂಟು ಬಿಲ್ಲು ಕಟ್ಟುವವರು ಯಾರು, ಕಾವಲುಗಾರನ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ಪುರಸಭೆಯ ಮೇಜಿನ ಮೇಲೆ ಬೀಳುತ್ತದೆ.

ಆಶ್ರಯ ಕೊಡುವುದಕ್ಕಿಂತ ಹಿಡಿದು ಕೂಡಿಹಾಕುವುದು ಸುಲಭವೆಂದು ಆಡಳಿತಗಳು ಮೊದಲಿನಿಂದಲೂ ನಂಬಿವೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ, ಆಂಧ್ರದಲ್ಲಿ 1977ರ ಕಾಯ್ದೆ, ಎರಡೂ ಈ ದಾರಿಯವೇ. ಕರ್ನಾಟಕದಲ್ಲಿ ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಅದರ ಮೇಲೆ ಶೇ 3ರಷ್ಟು ಭಿಕ್ಷುಕರ ಕರ ತೆರುತ್ತಾರೆ. ಹಲವರು ಅದನ್ನು ರಸೀದಿಯಲ್ಲಿ ಗಮನಿಸಿರುವುದಿಲ್ಲ. ಆ ಹಣದಿಂದ ನಡೆಯುವ ಬೆಂಗಳೂರು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೀದಿಯಿಂದ ಎತ್ತಿ ತಂದವರನ್ನು ಕಿಕ್ಕಿರಿದ ಶೆಡ್ಡುಗಳಲ್ಲಿ ಇಟ್ಟರೆ ಏನಾಗುತ್ತದೆಂದು ಆ ದಿನಗಳು ರಾಜ್ಯಕ್ಕೆ ತೋರಿಸಿದವು. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಕಾಯ್ದೆಯಲ್ಲಿ ಭಿಕ್ಷೆಯನ್ನು ಅಪರಾಧವಾಗಿಸುವ ಕಲಮುಗಳನ್ನು ರದ್ದುಮಾಡಿತು.

ಕೆಡವುವುದು ಇನ್ನೊಂದು ದಾರಿ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಜೆಸಿಬಿ ಬಂತು. ಅಕ್ರಮ ಬಾಂಗ್ಲಾದೇಶೀಯರು ಎಂಬ ಆರೋಪದ ಮೇಲೆ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು, ಅಸ್ಸಾಂ, ತ್ರಿಪುರಾದವರೂ ಇದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಮಧ್ಯೆ ಪ್ರವೇಶಿಸಿ ತೆರವನ್ನು ತಡೆಯಿತು. ಆದರೆ ಮುರಿದ ಶೆಡ್ಡಿನೊಳಗಿದ್ದ ಆಧಾರ್ ಕಾರ್ಡು, ಮಕ್ಕಳ ಪುಸ್ತಕ, ಕೂಡಿಟ್ಟ ನೋಟು ಯಾವ ಆದೇಶದಿಂದಲೂ ವಾಪಸು ಬರುವುದಿಲ್ಲ. ಕೆಡವಿಸಿಕೊಂಡ ಕುಟುಂಬ ಅರ್ಧ ಕಿಲೋಮೀಟರ್ ಆಚೆ ಮತ್ತೆ ಗಳ ನೆಡುತ್ತದೆ, ಈ ಸಲ ಇನ್ನಷ್ಟು ಬಡತನದಲ್ಲಿ.

ಈ ವಿಷಯದಲ್ಲಿ ದೇಶಕ್ಕೆ ಪಾಠ ಹೇಳಿದವರಲ್ಲಿ ಒಬ್ಬರು ಹಿಂದೂಪುರದಿಂದ ದೂರವಲ್ಲದ ಕೋಲಾರ ಚಿನ್ನದ ಗಣಿಯವರು. ಜೋಕಿನ್ ಅರ್ಪುದಂ ಹುಟ್ಟಿದ್ದು ಕೆಜಿಎಫ್‌ನಲ್ಲಿ. ಹದಿಹರೆಯದಲ್ಲಿ ಮುಂಬೈಗೆ ಹೋಗಿ ಬೀದಿಯಲ್ಲಿ ಮಲಗಿ, ಆಮೇಲೆ ಜನತಾ ಕಾಲೊನಿಯಲ್ಲಿ ನೆಲೆನಿಂತರು. 1976ರಲ್ಲಿ ಆ ಕಾಲೊನಿಯೇ ತೆರವಾಯಿತು. ಅವರು ಕಟ್ಟಿದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಮುಂದೆ ಹಲವು ದೇಶಗಳಿಗೆ ಮಾದರಿಯಾಯಿತು. 2000ದಲ್ಲಿ ಮ್ಯಾಗ್ಸೆಸೆ, 2011ರಲ್ಲಿ ಪದ್ಮಶ್ರೀ ಬಂದವು. 2018ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಮುಂಬೈಯ ಫುಟ್‌ಪಾತು ವಾಸಿಗಳನ್ನು ಎತ್ತಿ ಅವರವರ ಊರಿಗೆ ಸಾಗಿಸಲು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ.ಆರ್. ಅಂತುಳೆ 1981ರ ಜುಲೈಯಲ್ಲಿ, ಸುರಿಯುವ ಮಳೆಗಾಲದಲ್ಲಿ, ಆದೇಶಿಸಿದ್ದರು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ನ್ಯಾಯಾಲಯಕ್ಕೆ ಹೋದರು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು 1985ರ ಜುಲೈ 10ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಮಳೆಗಾಲ ಮುಗಿದ ಮೇಲೆ ತೆರವಿಗೆ ಅವಕಾಶವನ್ನೂ ಕೊಟ್ಟಿತು. ತೆರವಿನ ಭೀತಿ ತಲೆಯ ಮೇಲಿದ್ದ ಆ ವರ್ಷವೇ ಶೀಲಾ ಪಟೇಲ್ ಮತ್ತು ಗೆಳತಿಯರ ಸ್ಪಾರ್ಕ್ ಸಂಸ್ಥೆ, ಬೈಕುಲಾದ ಫುಟ್‌ಪಾತಿನ ಹೆಂಗಸರನ್ನೇ ಜೊತೆಗೂಡಿಸಿಕೊಂಡು ಸುಮಾರು 6,000 ಕುಟುಂಬಗಳನ್ನು ಎಣಿಸಿತು. ನಿನ್ನೆ ಮೊನ್ನೆ ಬಂದ ಅಲೆಮಾರಿಗಳು ಎಂದು ನಗರ ಅಂದುಕೊಂಡಿದ್ದವರಲ್ಲಿ ಬಹಳ ಜನ ಬಡ ಜಿಲ್ಲೆಗಳಿಂದ ಬಂದು ವರ್ಷಗಟ್ಟಲೆ ಅಲ್ಲೇ ದುಡಿಯುತ್ತಿದ್ದವರೆಂದು ಆ ಎಣಿಕೆಯಿಂದ ತಿಳಿಯಿತು. ಜೋಕಿನ್ ಅವರ ಒಕ್ಕೂಟ, ಸ್ಪಾರ್ಕ್ ಮತ್ತು ಫುಟ್‌ಪಾತಿನ ಹೆಂಗಸರ ಮಹಿಳಾ ಮಿಲನ್ ಮುಂದೆ ಒಂದಾಗಿ ಕೆಲಸ ಮಾಡಿದವು. ಎಣಿಸಿದವರೇ ಪಟ್ಟಿಯ ಒಡೆಯರು ಎಂಬುದು ಅವರ ಪಟ್ಟು. ಸರ್ಕಾರದ ಜೊತೆ ಮಾತಿಗೆ ಕೂರುವಾಗ ಅವರ ಕೈಯಲ್ಲಿ ಆ ಪಟ್ಟಿ ಇರುತ್ತಿತ್ತು.

ಅಮೆರಿಕದ ಹ್ಯೂಸ್ಟನ್ ನಗರ ಹಿಡಿದದ್ದೂ ಪಟ್ಟಿಯ ದಾರಿಯನ್ನೇ. 2011ರ ಸುಮಾರಿಗೆ ಅಲ್ಲಿ ಡಜನ್‌ಗಟ್ಟಲೆ ಸಂಸ್ಥೆಗಳು ತಂತಮ್ಮ ಪಾಡಿಗೆ ಊಟ, ಹಾಸಿಗೆ, ಚಿಕಿತ್ಸೆ ಕೊಡುತ್ತಿದ್ದವು. ಬೀದಿಯಲ್ಲಿ ಮಲಗುವವರ ಸಂಖ್ಯೆ ಮಾತ್ರ ಇಳಿಯಲಿಲ್ಲ. ಮೇಯರ್ ಆನೀಸ್ ಪಾರ್ಕರ್ ಕಾಲದಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ವ್ಯವಸ್ಥೆಯೊಳಗೆ ಬಂದವು. ಎಲ್ಲರಿಗೂ ಒಂದೇ ದಾಖಲೆ, ಒಂದೇ ಸರದಿ, ಸರದಿ ಬಂದವರಿಗೆ ಬಾಡಿಗೆ ಮನೆ. ಹತ್ತು ವರ್ಷದಲ್ಲಿ 25,000ಕ್ಕೂ ಹೆಚ್ಚು ಜನ ಮನೆ ಸೇರಿದರು, ಬೀದಿಯಲ್ಲಿರುವವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಟೆಂಟುಗಳ ಗುಂಪನ್ನು ತೆಗೆಯುವ ಮೊದಲು ಅಲ್ಲಿರುವವರ ಹತ್ತಿರ ವಾರಗಟ್ಟಲೆ ಹೋಗಿ ಮಾತಾಡಿ, ಮನೆ ತೋರಿಸಿ, ಅವರು ಹೋದ ಮೇಲೆ ಜಾಗ ಖಾಲಿ ಮಾಡುವುದು ಅಲ್ಲಿನ ಕ್ರಮ. ಫಿನ್ಲೆಂಡ್ 2008ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಡಿತ ಬಿಟ್ಟರೆ ಮನೆ, ಕೆಲಸ ಸಿಕ್ಕರೆ ಮನೆ ಎಂಬ ಷರತ್ತುಗಳನ್ನೇ ಕೈಬಿಟ್ಟು ಮನೆಯನ್ನೇ ಮೊದಲು ಕೊಟ್ಟಿತು.

ಅವು ಶ್ರೀಮಂತ ದೇಶಗಳು, ಅಲ್ಲಿನ ಬಾಡಿಗೆ ಮನೆಗಳ ಸೌಕರ್ಯ ನಮ್ಮಲ್ಲಿಲ್ಲ ಎಂಬ ಮಾತು ನಿಜ. ಆದರೆ ಪಟ್ಟಿಗೆ ದುಡ್ಡು ಹೆಚ್ಚು ಬೇಕಿಲ್ಲ, ನಮ್ಮ ದೇಶದಲ್ಲೇ ಮಾದರಿಗಳೂ ಇವೆ. ಕೇರಳದ ಕೋಯಿಕ್ಕೋಡ್ ಜಿಲ್ಲಾಡಳಿತ 2020ರ ಲಾಕ್‌ಡೌನಿನಲ್ಲಿ ಬೀದಿಯವರನ್ನೆಲ್ಲ ಶಿಬಿರಗಳಿಗೆ ಕರೆತಂದಿತು. ಲಾಕ್‌ಡೌನ್ ತೆರವಾದ ಮೇಲೆ ಅವರನ್ನು ಮತ್ತೆ ಬೀದಿಗೆ ಬಿಡದೆ ‘ಉದಯಂ’ ಹೆಸರಿನಲ್ಲಿ ವಸತಿಗಳನ್ನು ತೆರೆಯಿತು. ಗಡಿನಾಡು ಮಂಜೇಶ್ವರದ ಪಾವೂರಿನಲ್ಲಿ ಜೋಸೆಫ್ ಕ್ರಾಸ್ತಾ 2009ರಲ್ಲಿ ಶುರುಮಾಡಿದ ಸ್ನೇಹಾಲಯ, ಬೀದಿಯಲ್ಲಿ ಸಿಕ್ಕ ಮಾನಸಿಕ ಅಸ್ವಸ್ಥರಿಗೆ ಚಿಕಿತ್ಸೆ ಕೊಡಿಸಿ, ನೆನಪು ಮರಳಿದ ಮೇಲೆ ಊರು ಹುಡುಕಿ ಮನೆಗೆ ತಲುಪಿಸುತ್ತದೆ. ಮುಂಬೈ ಬಳಿಯ ಕರ್ಜತ್‌ನಲ್ಲಿ ಇದೇ ಕೆಲಸಕ್ಕಾಗಿ ಡಾ. ಭರತ್ ವಾಟವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಬಂತು. ಮನೆಯ ದಾರಿ ಮರೆತವರಲ್ಲಿ ಬಹಳ ಜನರಿಗೆ ಕಾದು ಕುಳಿತ ಮನೆಯೊಂದು ಎಲ್ಲೋ ಇರುತ್ತದೆಂಬುದು ಇಬ್ಬರ ಅನುಭವದಲ್ಲೂ ಕಂಡುಬಂದ ಸತ್ಯ.

ಇನ್ನು ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಏನೇನಿದೆ ನೋಡೋಣ. ಇರುವುದು ಕಡಿಮೆಯೇನಲ್ಲ. 2019ರ ಅಕ್ಟೋಬರ್ 2ರಿಂದ ಆಂಧ್ರದ ಪಟ್ಟಣಗಳಲ್ಲಿ ವಾರ್ಡ್ ಸಚಿವಾಲಯಗಳಿವೆ. ಕೆಲವೇ ಸಾವಿರ ಜನಕ್ಕೊಂದು ಕಚೇರಿ, ಪಿಂಚಣಿಯಿಂದ ನೈರ್ಮಲ್ಯದವರೆಗೆ ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಕಾರ್ಯದರ್ಶಿ. ಪಟ್ಟಣದ ಬಡತನ ನಿರ್ಮೂಲನೆಗೆಂದೇ ಇರುವ ಮೆಪ್ಮಾ ಸಂಸ್ಥೆಯಡಿ ಹೆಂಗಸರ ಸಂಘಗಳು ಬೀದಿಬೀದಿಯಲ್ಲೂ ಇವೆ. ಯಾವ ಜಗಲಿಯಲ್ಲಿ ಯಾವ ಅಜ್ಜಿ ಮಲಗುತ್ತಾಳೆಂದು ಅಧಿಕಾರಿಗಳಿಗಿಂತ ಮೊದಲು ಗೊತ್ತಾಗುವುದು ಈ ಹೆಂಗಸರಿಗೆ. ಐದು ರೂಪಾಯಿಗೆ ಊಟ ಕೊಡುವ ಅನ್ನ ಕ್ಯಾಂಟೀನುಗಳು 2024ರ ಆಗಸ್ಟ್ 15ರಿಂದ ರಾಜ್ಯದಲ್ಲಿ ಮತ್ತೆ ತೆರೆದಿವೆ.

ಕಲ್ಯಾಣದುರ್ಗಕ್ಕೆ ಇನ್ನೊಂದು ಬಲವಿದೆ. ಸ್ಪೇನಿನಿಂದ ಬಂದ ವಿಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ನೆಲೆಸಿ, ಪತ್ನಿ ಆನ್ ಜೊತೆಗೂಡಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ಜನರ ಬಾಯಲ್ಲಿ ಆರ್‌ಡಿಟಿ, ಇಲ್ಲಿ ಆಸ್ಪತ್ರೆ ನಡೆಸುತ್ತದೆ. ದಲಿತರಿಗೆ, ಬುಡಕಟ್ಟಿನವರಿಗೆ, ಅಂಗವಿಕಲರಿಗೆ ಜಿಲ್ಲೆಯಲ್ಲೆಲ್ಲ ಸಾವಿರಾರು ಮನೆಗಳನ್ನು ಕಟ್ಟಿಕೊಟ್ಟಿದೆ, ಅದೂ ಹೆಂಗಸರ ಹೆಸರಿಗೆ. ಗಂಡ ಗುಳೆ ಹೋಗಲಿ, ಸಾಲದವನು ಬಾಗಿಲಿಗೆ ಬರಲಿ, ಮನೆ ಅವಳದಾಗಿಯೇ ಉಳಿಯಲಿ ಎಂಬ ಈ ಕ್ರಮ ಸೂರು ಕಳೆದುಕೊಳ್ಳುವುದನ್ನು ಮೊದಲೇ ತಡೆಯುವಂಥದ್ದು. ಆದರೆ 2025ರಲ್ಲಿ ಸಂಸ್ಥೆಯ ವಿದೇಶಿ ದೇಣಿಗೆ ನೋಂದಣಿ ನವೀಕರಣಕ್ಕೆ ತೊಡಕು ಬಂದಾಗ ಸೀಮೆಯ ಜನ ಗಾಬರಿಯಿಂದ ಬೀದಿಗಿಳಿದರು. ಎಷ್ಟೇ ದೊಡ್ಡದಾದರೂ ಒಂದೇ ಸಂಸ್ಥೆಯ ಹೆಗಲ ಮೇಲೆ ಇಡೀ ಭಾರ ಹೊರಿಸುವುದು ಎಷ್ಟು ಅಪಾಯವೆಂದು ಆ ದಿನಗಳು ತೋರಿಸಿದವು.

ಸರ್ಕಾರದ ಮನೆ ಯೋಜನೆಗಳೂ ಇವೆ. 2020ರ ಡಿಸೆಂಬರ್ 25ರಂದು ಶುರುವಾದ ಯೋಜನೆಯಲ್ಲಿ ರಾಜ್ಯದಾದ್ಯಂತ 30 ಲಕ್ಷದಷ್ಟು ನಿವೇಶನಗಳನ್ನು ಹಂಚಲಾಯಿತು. ಪಟ್ಟಣದಲ್ಲಿ ಒಂದು ಸೆಂಟು, ಅಂದರೆ 435 ಚದರಡಿ, ಹಳ್ಳಿಯಲ್ಲಿ ಒಂದೂವರೆ ಸೆಂಟು. ಮನೆ ಕಟ್ಟಲು ಗೊತ್ತುಮಾಡಿದ ಮೊತ್ತ 1.80 ಲಕ್ಷ ರೂಪಾಯಿ. ಈಗಿನ ಸರ್ಕಾರ ಎರಡು, ಮೂರು ಸೆಂಟಿನ ಭರವಸೆ ಕೊಟ್ಟಿದೆ. ದುಡಿಯುವ ಕುಟುಂಬಕ್ಕೆ ಇದು ದೊಡ್ಡ ಆಸರೆ, ಸಂದೇಹವಿಲ್ಲ. ಬಸ್‌ಸ್ಟ್ಯಾಂಡಿನ ಒಂಟಿ ಮುದುಕಿಗೆ ಮಾತ್ರ ಇದು ಒದಗುವುದಿಲ್ಲ. ಅವಳಿಗೆ ವಿಳಾಸವಿಲ್ಲ, ವಿಳಾಸವಿಲ್ಲದೆ ಅರ್ಜಿಯಿಲ್ಲ. ನಿವೇಶನ ಕೊಟ್ಟರೂ ಇಟ್ಟಿಗೆ ಹೊರುವವರು ಯಾರು?

ಅವಳ ದಾರಿಯನ್ನೇ ಹಿಡಿದು ನೋಡಿ. ಕನ್ನಡ ಮಾತಾಡುವ ಒಬ್ಬ ಅಜ್ಜಿ, ಮಾತು ಅರ್ಧಂಬರ್ಧ, ಹಿಂದೂಪುರ ಬಸ್‌ಸ್ಟ್ಯಾಂಡಿನಲ್ಲಿ ಕೆಲವು ದಿನಗಳಿಂದ ಇದ್ದಾಳೆ ಎಂದುಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನಂತೆ, ಹೀಗೆ ದಿಕ್ಕುತಪ್ಪಿ ಅಲೆಯುವ, ತನ್ನನ್ನು ತಾನು ನೋಡಿಕೊಳ್ಳಲಾರದ ಮಾನಸಿಕ ಅಸ್ವಸ್ಥರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಮನೆಯಿಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. ಅದೇ ಕಾಯ್ದೆಯಡಿ ನಿರ್ಗತಿಕರಿಗೆ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡು ಕೇಳುವಂತಿಲ್ಲ. ಮಕ್ಕಳು ಇದ್ದೂ ಕೈಬಿಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿ ಇದೆ. ಹಿರಿಯರ ಸಹಾಯವಾಣಿ 14567, ಮನಸ್ಸಿನ ಸಹಾಯವಾಣಿ ಟೆಲಿಮಾನಸ್ 14416, ಮಕ್ಕಳಾದರೆ 1098. ದೊಡ್ಡ ಆಸ್ಪತ್ರೆಯೇ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ಒಂದೇ ರೈಲಿನ ದೂರದಲ್ಲಿದೆ.

ಇಷ್ಟೆಲ್ಲ ಇದ್ದೂ ಅಜ್ಜಿ ಬಸ್‌ಸ್ಟ್ಯಾಂಡಿನಲ್ಲೇ ಇರುತ್ತಾಳೆ. ಠಾಣೆಯವರಿಗೆ ಅದು ಆಸ್ಪತ್ರೆಯ ಕೇಸು. ಆಸ್ಪತ್ರೆಯಲ್ಲಿ ಜೊತೆಗಿರುವವರು ಯಾರು ಎಂದು ಕೇಳುತ್ತಾರೆ. ಪುರಸಭೆಗೆ ಅವಳು ಬೇರೆ ರಾಜ್ಯದವಳು. ಚಿಕಿತ್ಸೆ ಆದ ಮೇಲೆ ಎಲ್ಲಿಗೆ ಕಳಿಸುವುದೆಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲದಿದ್ದರೆ ಮೊದಲ ಹೆಜ್ಜೆಯನ್ನೇ ಯಾರೂ ಇಡುವುದಿಲ್ಲ. ಒಬ್ಬೊಬ್ಬರೂ ತಮ್ಮ ಕೆಲಸ ತಿಳಿದವರೇ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅವಳನ್ನು ದಾಟಿಸುವ ಕೆಲಸ ಮಾತ್ರ ಯಾರ ಹೆಸರಿನಲ್ಲೂ ಇಲ್ಲ.

ಆ ಕೆಲಸಕ್ಕೆ ಒಂದು ಹೆಸರು ಬೇಕು. ಪುರಸಭೆಯಲ್ಲಿ ಒಬ್ಬ ನೌಕರ, ಅವನ ಅಥವಾ ಅವಳ ಬಳಿ ಒಂದು ಪಟ್ಟಿ. ವಾರ್ಡ್ ಸಚಿವಾಲಯ, ಹೆಂಗಸರ ಸಂಘ, ಠಾಣೆ, ರೈಲ್ವೆ ಪೊಲೀಸು, ಆಸ್ಪತ್ರೆ, ಊಟ ಹಂಚುವ ದೇವಸ್ಥಾನ, ದರ್ಗಾ, ಚರ್ಚಿನವರು ವಾರಕ್ಕೊಮ್ಮೆ ಕೂತು ಆ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಓದಬೇಕು. ಈ ವಾರ ಯಾರು ಹೊಸಬರು, ಯಾರಿಗೆ ಜ್ವರ, ಯಾರ ಪಿಂಚಣಿ ಎಲ್ಲಿ ನಿಂತಿದೆ, ಯಾರ ಮಗನ ಫೋನು ಸಿಕ್ಕಿತು. ಒಂದೂವರೆ ಲಕ್ಷ ಜನರ ಪಟ್ಟಣದಲ್ಲಿ ಈ ಸಭೆಗೆ ಒಂದು ಬೆಳಗು ಸಾಕು. ಕಲ್ಯಾಣದುರ್ಗದಲ್ಲಿ ಒಂದು ಗಂಟೆಯೂ ಹೆಚ್ಚಾದೀತು.

ಗಡಿಯ ತೊಡಕು ಬೇರೆಯೇ ಇದೆ. ಪಾವಗಡದ ಅಜ್ಜಿಯ ಕಾಗದಗಳು ಕನ್ನಡದಲ್ಲಿ, ಹಿಂದೂಪುರದ ಕಚೇರಿ ತೆಲುಗಿನಲ್ಲಿ. ಕಲ್ಯಾಣದುರ್ಗದ ಕೂಲಿಯ ಮಕ್ಕಳ ಶಾಲೆ ತೆಲುಗಿನದು, ಬೆಂಗಳೂರಿನ ಶೆಡ್ಡಿನ ಹತ್ತಿರದ ಸರ್ಕಾರಿ ಶಾಲೆ ಕನ್ನಡದ್ದು. ಆದರೆ ರಾಜ್ಯಗಳು ಮನಸ್ಸು ಮಾಡಿದರೆ ಗಡಿ ದಾಟುವ ವ್ಯವಸ್ಥೆ ಸಾಧ್ಯವೆಂಬುದಕ್ಕೆ ರೇಷನ್ ಕಾರ್ಡೇ ಸಾಕ್ಷಿ. 2019ರ ಆಗಸ್ಟ್‌ನಲ್ಲಿ ಆಂಧ್ರ, ತೆಲಂಗಾಣಗಳ ನಡುವೆ ಶುರುವಾದ ಹೊರರಾಜ್ಯ ಪಡಿತರ ವ್ಯವಸ್ಥೆ ಮರುವರ್ಷ ಕರ್ನಾಟಕಕ್ಕೂ ಬಂತು. ಹಿಂದೂಪುರದ ಕಾರ್ಡಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುವುದಾದರೆ, ಆಶ್ರಯಧಾಮದ ದಾಖಲೆ, ಕಾಣೆಯಾದವರ ಪಟ್ಟಿ, ಶಾಲೆಯ ವರ್ಗಾವಣೆ ಪತ್ರ ಅದೇ ದಾರಿಯಲ್ಲಿ ಯಾಕೆ ಹೋಗಬಾರದು? ಗೌರಿಬಿದನೂರು, ಪಾವಗಡ, ಹಿಂದೂಪುರ, ಕಲ್ಯಾಣದುರ್ಗದ ತಹಶೀಲ್ದಾರರು ಒಂದು ಫೋನ್ ಕರೆಯ ದೂರದಲ್ಲಿದ್ದಾರೆ.

ಬೆಂಗಳೂರಿನ ತುದಿಯಲ್ಲೂ ಹಳೆಯ ಬಾಕಿಯಿದೆ. ಹೊರರಾಜ್ಯದ ಕೂಲಿಗಳಿಗೆ ತಕ್ಕ ವಸತಿ ಕೊಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೇಳಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮು ಕೆಲಸದ ಜಾಗದಲ್ಲೋ ಅದರ ಹತ್ತಿರವೋ ಬಾಡಿಗೆಯಿಲ್ಲದ ತಾತ್ಕಾಲಿಕ ಮನೆ, ಬೇರೆ ಅಡುಗೆ ಜಾಗ, ಬಚ್ಚಲು, ಶೌಚಾಲಯ ಕೊಡುವುದು ಮಾಲೀಕನ ಹೊಣೆಯೆಂದಿತ್ತು. ಈ ಕಾಯ್ದೆಗಳು ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿವೆ. ಕಟ್ಟಡ ವೆಚ್ಚದ ಮೇಲಿನ ಕರದಿಂದ ಕಾರ್ಮಿಕರ ಮಂಡಳಿಯಲ್ಲಿ ಹಣವಿದೆ. ಬಹುಮಹಡಿ ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಕೂಲಿಗಳ ಶೆಡ್ಡಿನ ನಕ್ಷೆಯನ್ನೂ ಕೇಳಿದರೆ ನೀಲಿ ತಾಡಪಾಲುಗಳ ಅರ್ಧ ಸಮಸ್ಯೆ ಹುಟ್ಟುವ ಜಾಗದಲ್ಲೇ ನಿಲ್ಲುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿದೆ. ಐದೂ ಪಾಲಿಕೆಗಳು ಈ ಶೆಡ್ಡುಗಳನ್ನು ತಮ್ಮ ಪ್ರಜೆಗಳ ಮನೆಗಳೆಂದು ಎಣಿಸುತ್ತವೆಯೋ, ಪಕ್ಕದ ಪಾಲಿಕೆಯ ಗಡಿಗೆ ತಳ್ಳುತ್ತವೆಯೋ ಎಂಬುದನ್ನು ಗಟ್ಟಿಯಾಗಿ ಕೇಳಬೇಕಾದ ಕಾಲ ಇದು.

ಖರ್ಚಿನ ಮಾತು ಕೊನೆಗೆ ಬಂದೇ ಬರುತ್ತದೆ. ಮುಗಿದ ಮಿಷನ್‌ನ ಮಾರ್ಗಸೂಚಿಯಲ್ಲಿ 50 ಜನರ ಆಶ್ರಯಧಾಮ ನಡೆಸಲು ವರ್ಷಕ್ಕೆ 6 ಲಕ್ಷ ರೂಪಾಯಿ ಎಂದಿತ್ತು. ಒಬ್ಬರಿಗೆ ದಿನಕ್ಕೆ ಮೂವತ್ತಮೂರು ರೂಪಾಯಿ. ಬೆಲೆಗಳು ಏರಿರುವ ಈ ಹೊತ್ತಿಗೆ ಅದನ್ನು ಇಮ್ಮಡಿ ಮಾಡಿದರೂ ಹಿಂದೂಪುರದ 150 ಜನಕ್ಕೆ ವರ್ಷಕ್ಕೆ 36 ಲಕ್ಷ. ಕಲ್ಯಾಣದುರ್ಗಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರ ಇಪ್ಪತ್ತೈದು ಜನರ ಒಂದು ಮನೆ, ಅದರಲ್ಲಿ ಹೆಂಗಸರಿಗೆ ಬೇರೆ ಕೋಣೆ, ರಾತ್ರಿ ಹತ್ತರ ಮೇಲೂ ಬಾಗಿಲು ತೆರೆಯುವ ಒಬ್ಬ ಕಾವಲುಗಾರ ಇದ್ದರೆ ಅದೇ ಲೆಕ್ಕದಲ್ಲಿ 6 ಲಕ್ಷ. ಹೊಸ ಮಿಷನ್ ಬರುವವರೆಗೆ ಈ ಮೊತ್ತವನ್ನು ಪುರಸಭೆಯ ಬಜೆಟ್ಟಿನಲ್ಲಿ ಒಂದು ಸಾಲಾಗಿ ಬರೆಸಲು ಕೌನ್ಸಿಲರ್ ಒಬ್ಬರು ಎದ್ದುನಿಂತು ಕೇಳಿದರೆ ಸಾಕು. ಬಜೆಟ್ ಸಭೆ ಮಾರ್ಚ್ ಮುಗಿಯುವ ಮೊದಲು ನಡೆಯಬೇಕು. ವಾರ್ಡಿನ ಹೆಂಗಸರ ಸಂಘಗಳು ಜನವರಿಯಲ್ಲೇ ತಮ್ಮ ಕೌನ್ಸಿಲರ್ ಮನೆಗೆ ಹೋಗಬಹುದು, ಕೈಯಲ್ಲಿ ತಮ್ಮ ಬೀದಿಯ ಹೆಸರುಗಳನ್ನು ಹಿಡಿದುಕೊಂಡು.